ನಿಲ್ಲುವುದೂ ಒಂದು ಕೆಲಸ

ಗಣಕಯಂತ್ರವೆಂದರೆ ವೇಗವೆಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಅದಕ್ಕೆ ‘ಸ್ವಲ್ಪ ನಿಲ್ಲು’ ಎಂದು ಹೇಳುವ ಅಪ್ಪಣೆಯೂ ಒಂದಿದೆ. ಅದರ ಹೆಸರು ‘ಸ್ಲೀಪ್’, ಅಂದರೆ ನಿದ್ರೆ. 1973ರ ಯುನಿಕ್ಸ್ ನಾಲ್ಕನೆಯ ಆವೃತ್ತಿಯಲ್ಲಿ ಬಂದ ಈ ಪುಟ್ಟ ಅಪ್ಪಣೆ ಇಂದಿನ ಲಿನಕ್ಸ್ ಯಂತ್ರಗಳಲ್ಲಿಯೂ ಇದೆ. ನಮ್ಮ ಮನೆತನದ ವ್ಯವಹಾರದಲ್ಲಿ ಇದರ ಬೆಲೆ ಏನೆಂಬುದು ಅನುಭವದಿಂದಲೇ ತಿಳಿಯಿತು.

ನಮ್ಮ ವಾಸ ಕೊಲ್ಹಾಪುರದಲ್ಲಿ. ಕೆಲವು ಪವರ್‌ಲೂಮ್ ಮಗ್ಗಗಳಿರುವುದು ಇಚಲಕರಂಜಿಯಲ್ಲಿ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರವನ್ನು ನಮ್ಮ ಭಾಗದವರು ಮರೆಯಲಾರರು. ಎರಡೂ ಊರುಗಳು ಒಂದೇ ಪಂಚಗಂಗೆಯ ದಂಡೆಯವು. ಆದ್ದರಿಂದ ಲೆಕ್ಕಪತ್ರದ ಒಂದು ಪ್ರತಿ ಬೇರೊಂದು ನದಿಯ ಊರಿನಲ್ಲಿರಲೆಂದು, ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜದಲ್ಲಿ ಎತ್ತರದ ಓಣಿಯಲ್ಲಿರುವ ತಮ್ಮನ ಮನೆಯನ್ನು ಆರಿಸಿದೆವು. ಮಗನು ಒಂದು ‘ಶೆಲ್ ಸ್ಕ್ರಿಪ್ಟ್’ ಬರೆದನು. ಇದೆಂದರೆ ಯಂತ್ರವು ಸಾಲಾಗಿ ಪಾಲಿಸುವ ಅಪ್ಪಣೆಗಳ ಪಟ್ಟಿ. ಬೆಳಿಗ್ಗೆ ಯಂತ್ರ ಚಾಲೂ ಆದೊಡನೆ ಹಿಂದಿನ ದಿನದ ಲೆಕ್ಕ ಗಡಹಿಂಗ್ಲಜಕ್ಕೆ ಹೋಗಬೇಕು.

ತೊಂದರೆ ಏನೆಂದರೆ, ಯಂತ್ರ ಎಚ್ಚರಾದ ಕ್ಷಣಕ್ಕೆ ಇಂಟರ್‌ನೆಟ್ ಎಚ್ಚರಾಗಿರುವುದಿಲ್ಲ. ದಾರಿಯೇ ಇಲ್ಲದೆ ಲೆಕ್ಕ ಹೊರಡುವುದೆಂತು? ಮಗನು ಮೊದಲಿಗೆ ‘ಸ್ಲೀಪ್ 60’ ಎಂದು ಸೇರಿಸಿದನು. ಯಂತ್ರ ಅರವತ್ತು ಸೆಕೆಂಡು ಸುಮ್ಮನಿದ್ದು ಬಳಿಕ ಕೆಲಸಕ್ಕೆ ತೊಡಗುತ್ತಿತ್ತು. ಬೇಸಿಗೆಯೆಲ್ಲ ಸುಸೂತ್ರವಾಗಿ ನಡೆಯಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಲೈನು ಕೂಡಲು ಎರಡು ಮೂರು ನಿಮಿಷ ಹಿಡಿಯತೊಡಗಿತು. ಪ್ರತಿ ಹೋಗುವುದು ನಿಂತಿತು. ಯಾರ ಗಮನಕ್ಕೂ ಬರಲಿಲ್ಲ. ಅದೇ ಪಕ್ಷದಲ್ಲಿ ಯಂತ್ರದ ಡಿಸ್ಕ್ ಕೆಟ್ಟಿತು. ಯಾರು ಎಷ್ಟು ಮೀಟರ್ ನೇಯ್ದರು, ಯಾರು ಎಷ್ಟು ಉಚಲಿ ಪಡೆದರು ಎಂಬ ಎರಡು ವಾರದ ಲೆಕ್ಕ ಮಾಯವಾಯಿತು. ಗುಮಾಸ್ತರು ಇಟ್ಟಿದ್ದ ಚೀಟಿಗಳನ್ನು ಕೂಡಿಸಿ ಎರಡು ದಿನ ಕುಳಿತು ಲೆಕ್ಕ ಸರಿಪಡಿಸಬೇಕಾಯಿತು. ಕೂಲಿ ಕೈಗೆ ಬರುವುದು ಎರಡು ದಿನ ತಡವಾದರೆ ನೇಕಾರರ ಮನೆಯಲ್ಲಿ ವಾರದ ಸಂತೆಯೇ ನಿಲ್ಲುತ್ತದೆ.

ಆಗ ನಮ್ಮ ಶೆಡ್ಡಿನ ಹಿರಿಯ ನೇಕಾರರೊಬ್ಬರು, “ಅಡ್ಡ ನೂಲು ಹರಿದರೆ ನಮ್ಮ ಮಗ್ಗ ನಿಲ್ಲತೈತಿ. ಅದು ನೂಲು ನೋಡಿ ನಿಲ್ಲತೈತಿ. ನಿಮ್ಮ ಯಂತ್ರ ಬರೇ ಗಡಿಯಾರ ನೋಡಿ ನಿಲ್ಲತೈತಿ” ಎಂದರು. ಶಾಲೆಯ ಮೆಟ್ಟಿಲು ಹತ್ತದ ಅವರು ವಿಷಯದ ತಿರುಳನ್ನೇ ಹೇಳಿಬಿಟ್ಟರು!

ಮಗನು ಸ್ಕ್ರಿಪ್ಟನ್ನು ತಿದ್ದಿದನು. ಈಗ ಯಂತ್ರ ಮೊದಲು ‘ಗಡಹಿಂಗ್ಲಜ ಓಗೊಡುತ್ತದೆಯೇ?’ ಎಂದು ಕೇಳುತ್ತದೆ. ಇಲ್ಲವಾದರೆ ‘ಸ್ಲೀಪ್ 10’. ಹತ್ತು ಸೆಕೆಂಡಿನ ಬಳಿಕ ಮತ್ತೆ ಕೇಳುತ್ತದೆ. ಮೂವತ್ತು ಸಲ ಕೇಳಿಯೂ ಉತ್ತರವಿಲ್ಲದಿದ್ದರೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಇಂದು ಪ್ರತಿ ಹೋಗಿಲ್ಲ’ ಎಂದು ಬರೆಯುತ್ತದೆ. ನಡುವಿನ ನಿದ್ರೆ ತೆಗೆದರೆ ಏನಾಗುವುದೆಂದು ಕೇಳಿದೆ. ಯಂತ್ರ ಬಿಡುವಿಲ್ಲದೆ ಕೇಳುತ್ತಲೇ ಇದ್ದು ಪ್ರೊಸೆಸರನ್ನು ವೃಥಾ ದುಡಿಸುತ್ತದಂತೆ. ಸ್ಲೀಪ್‌ನಲ್ಲಿರುವಾಗ ಆ ಸ್ಕ್ರಿಪ್ಟು ಪ್ರೊಸೆಸರನ್ನು ಬಳಸುವುದಿಲ್ಲ. ವೇಳೆಯಾದಾಗ ಕರ್ನೆಲ್ ಅದನ್ನು ಎಬ್ಬಿಸುತ್ತದೆ. ‘ವೇಟ್’ ಎಂಬ ಇನ್ನೊಂದು ಅಪ್ಪಣೆ ಬೇರೆಯದು. ಸ್ಕ್ರಿಪ್ಟು ತಾನೇ ಹಿನ್ನೆಲೆಯಲ್ಲಿ ಹಚ್ಚಿದ ಕೆಲಸ ಮುಗಿಯುವವರೆಗೆ ಅದು ಕಾಯುತ್ತದೆ.

ಬರೀ ಗಡಿಯಾರ ಸಾಕಾಗುವ ಕೆಲಸಗಳೂ ಉಂಟು. ನಮ್ಮ ತಾಯಿಯವರ ಸಾಮಾಯಿಕಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ. ಮೊಮ್ಮಗನು ‘ಸ್ಲೀಪ್ 48ಎಮ್’ ಎಂದು ಬರೆದು, ಅದರ ಕೆಳಗೆ ಗಂಟೆ ಬಾರಿಸುವ ಅಪ್ಪಣೆ ಇಟ್ಟಿದ್ದಾನೆ. ನಿಮಿಷದ ಗುರುತು ಒಪ್ಪದ ಯುನಿಕ್ಸ್ ಯಂತ್ರಗಳಲ್ಲಿ ಸೆಕೆಂಡಿನಲ್ಲಿಯೇ 2880 ಎಂದು ಬರೆಯಬೇಕು. ಅವರು ಗಡಿಯಾರದ ಕಡೆ ಕಣ್ಣು ಹಾಯಿಸದೆ ಕುಳಿತುಕೊಳ್ಳುತ್ತಾರೆ.

ಅಂಗಡಿ, ಪೇಢಿಗಳ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದವರು ಮನೆಯ ಮಕ್ಕಳನ್ನು ಮೂರು ಮಾತು ಕೇಳಬೇಕು: ಯಂತ್ರ ಏತಕ್ಕಾಗಿ ಕಾಯುತ್ತದೆ? ಎಷ್ಟು ಹೊತ್ತು ಕಾಯುತ್ತದೆ? ಕಾದದ್ದು ಬಾರದಿದ್ದರೆ ಯಾರಿಗೆ ಹೇಳುತ್ತದೆ? ಇನ್ನೊಬ್ಬರ ದುಡಿಮೆಯ ಲೆಕ್ಕ ನಮ್ಮ ಕೈಯಲ್ಲಿರುವಾಗ ಈ ಮೂರಕ್ಕೂ ಉತ್ತರ ತಿಳಿದಿರುವುದು ನಮ್ಮ ಕರ್ತವ್ಯ.