ಬೋಟ್ ಕೀ ದಂಡೆಯ ತಳ್ಳುಗಾಡಿಯವರಿಗೆ

ಪ್ರೀತಿಯ ಅಂಕಲ್, ಆಂಟಿಯರೇ,

ಊರಿಂದ ಯಾರೇ ಸಿಂಗಪುರಕ್ಕೆ ಬರಲಿ, ಅವರ ಬೇಡಿಕೆ ಒಂದೇ: “ನದಿ ಪಕ್ಕ ಕೂತು ಊಟ ಮಾಡಬೇಕು, ಎಲ್ಲಿ ಚೆನ್ನಾಗಿರತ್ತೆ ಹೇಳಿ.” ಸಿಂಗಪುರ ನದಿಯ ಪಕ್ಕ ಅಂದರೆ ಬೋಟ್ ಕೀ, ಕ್ಲಾರ್ಕ್ ಕೀ, ರಾಬರ್ಟ್‌ಸನ್ ಕೀ. ಸಂಜೆ ಏಳಾದರೆ ಸಾಕು, ಮೂರೂ ಕಡೆ ದೀಪ, ಹಾಡು, ಜನವೋ ಜನ. ಉತ್ತರ ಹೇಳಲು ಹೋದಾಗಲೆಲ್ಲ ನಾನು ಕಣ್ಣಾರೆ ಕಾಣದ ನಿಮ್ಮ ನೆನಪೇ ಮೊದಲು ಬರುತ್ತದೆ. ಈ ದಂಡೆಯಲ್ಲಿ ಹಸಿದವರಿಗೆ ಬಡಿಸಿದವರು ನೀವು. ಇವತ್ತು ಈ ದಂಡೆಯಲ್ಲಿ ಇಲ್ಲದವರೂ ನೀವೇ.

1822ರಲ್ಲಿ ಗುಡ್ಡವೊಂದನ್ನು ಕಡಿದು, ಆ ಮಣ್ಣನ್ನು ಜೌಗಿಗೆ ಸುರಿದು ಎಬ್ಬಿಸಿದ ದಂಡೆ ಈ ಬೋಟ್ ಕೀ. ಗುಡ್ಡವಿದ್ದ ಜಾಗ ಈಗ ಬ್ಯಾಂಕುಗಳ ರಾಫಲ್ಸ್ ಪ್ಲೇಸ್. ನದಿ ಇಲ್ಲಿ ಮೀನಿನ ಹೊಟ್ಟೆಯಂತೆ ಬಾಗಿದೆ, ಅಲ್ಲಿ ಲಕ್ಷ್ಮಿ ನೆಲೆಸುತ್ತಾಳೆ ಅನ್ನುವಂಥ ನಂಬಿಕೆಯಲ್ಲಿ ಚೀನೀ ವರ್ತಕರು ಪೈಪೋಟಿಯ ಮೇಲೆ ಗೋದಾಮು ಕಟ್ಟಿದರು. ಹಡಗುಗಳು ಹೊರಗೆ ಲಂಗರು ಹಾಕಿದರೆ, ಸರಕನ್ನು ಒಳಗೆ ತರುತ್ತಿದ್ದವು ಮೂತಿಗೆ ಕಣ್ಣು ಬರೆದ ದೋಣಿಗಳು. ದೋಣಿಗೂ ದಡಕ್ಕೂ ನಡುವೆ ಒಂದು ಹಲಗೆ. ಅದರ ಮೇಲೆ ಅಕ್ಕಿ, ರಬ್ಬರ್ ಮೂಟೆ ಹೊತ್ತು ದಿನವಿಡೀ ಓಡಾಡುವ ಕೂಲಿಗಳು. ಅವರಲ್ಲಿ ಎಷ್ಟೋ ಜನಕ್ಕೆ ಹೆಂಡತಿ ಮಕ್ಕಳು ಸಮುದ್ರದಾಚೆ. ಇಲ್ಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮಲಗಲು ಒಂದು ಮಂಚದಗಲ ಜಾಗ, ಒಲೆ ಹೂಡಲು ಅದೂ ಇಲ್ಲ. ಅವರ ಅಡುಗೆಮನೆ ನೀವಾಗಿದ್ದಿರಿ.

ಹೆಗಲಿಗೆ ಅಡ್ಡೆ ಹಾಕಿ, ಒಂದು ಕಡೆ ಉರಿಯುವ ಒಲೆ, ಇನ್ನೊಂದು ಕಡೆ ಬಟ್ಟಲುಗಳನ್ನು ತೂಗಿಸಿಕೊಂಡು ಬರುತ್ತಿದ್ದಿರಿ. ಆಮೇಲೆ ತಳ್ಳುಗಾಡಿ ಬಂತು. ನಿಮ್ಮಲ್ಲಿ ಚೀನೀ ಮೂಲದ ಟಿಯೊಚ್ಯು ಜನ ಕೊಡುತ್ತಿದ್ದಂಥ ಗಂಜಿಯನ್ನು ನಾನು ಇಲ್ಲಿ ತಿಂದಿದ್ದೇನೆ. ಅನ್ನದ ಅಗುಳು ಒಡೆಯದೆ ತಿಳಿಯಲ್ಲಿ ತೇಲುತ್ತಿರುತ್ತದೆ. ಪಕ್ಕದಲ್ಲಿ ಉಪ್ಪು ಹಾಕಿದ ಮೂಲಂಗಿ, ಉಪ್ಪುಮೊಟ್ಟೆ, ಒಂದು ಚೂರು ಮೀನು. ನಮ್ಮ ದಕ್ಷಿಣ ಕನ್ನಡದ ಗಂಜಿ ಊಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಕ್ಕಿಯದ್ದು ಮಾತ್ರ. ಬೆವರು ಹರಿಸಿ ದುಡಿಯುವ ಮೈಗೆ ಏನು ಬೇಕು ಎಂಬುದನ್ನು ಎರಡೂ ಕರಾವಳಿಯವರು ಒಬ್ಬರನ್ನೊಬ್ಬರು ಕೇಳದೆಯೇ ಕಂಡುಕೊಂಡಿದ್ದರು. ಕತ್ತಲಾದ ಮೇಲೆ ರೀಡ್ ಸೇತುವೆಯ ಬಳಿ ಕಥೆ ಹೇಳುವವರು ಕೂರುತ್ತಿದ್ದರಂತೆ. ಊದುಬತ್ತಿ ಹಚ್ಚಿ ಶುರು ಮಾಡುವುದು, ಅದು ಉರಿದು ಮುಗಿದಾಗ ಕಾಸು ಎತ್ತುವುದು. ಕೇಳುವವರ ಕೈಗೆ ನಿಮ್ಮ ಬಟ್ಟಲು ಹೋಗದೆ ಇದ್ದೀತೇ?

ಆದರೆ ನದಿ ನಾರುತ್ತಿತ್ತು. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹೊಗಳಲು ನನಗೆ ಮನಸ್ಸಿಲ್ಲ. 1977ರ ಫೆಬ್ರವರಿ 27ರಂದು ಪ್ರಧಾನಿ ಲೀ ಕುವಾನ್ ಯೂ, ಹತ್ತು ವರ್ಷದೊಳಗೆ ಈ ನದಿಯಲ್ಲೂ ಕಲ್ಲಾಂಗ್ ನದಿಯಲ್ಲೂ ಗಾಳ ಹಾಕಿ ಮೀನು ಹಿಡಿಯುವಂತಾಗಬೇಕು ಎಂದರು. ಹಂದಿ ಸಾಕುವವರು, ಬಾತು ಸಾಕುವವರು ಹೋದರು. ಸುಮಾರು 26,000 ಕುಟುಂಬಗಳು ಬೇರೆ ಕಡೆ ಮನೆ ಕಂಡವು. 1983ರಲ್ಲಿ ದೋಣಿಗಳೆಲ್ಲ ಪಾಸಿರ್ ಪಂಜಾಂಗಿಗೆ ಹೋದವು. ರಸ್ತೆಬದಿಯಲ್ಲಿ ಮಾರುತ್ತಿದ್ದ ನೀವು ಐದು ಸಾವಿರದಷ್ಟು ಜನ ಸೂರಿನ ಕೆಳಗೆ, ಹಾಕರ್ ಸೆಂಟರ್ ಎನ್ನುವ ಊಟದಂಗಡಿಗಳ ಸಮುಚ್ಚಯಗಳಿಗೆ ಹೋದಿರಿ. 1987ರ ಹೊತ್ತಿಗೆ ನೀರು ತಿಳಿಯಾಗಿತ್ತು. ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ಕೊಳೆ ನಿಮ್ಮ ಗುಣವಲ್ಲ. ನಿಮಗೆ ನಲ್ಲಿ ಇರಲಿಲ್ಲ, ಚರಂಡಿ ಇರಲಿಲ್ಲ. ಒಂದೇ ಬಕೆಟ್ ನೀರಲ್ಲಿ ನೂರು ಬಟ್ಟಲು ತೊಳೆದು ಉಳಿದದ್ದನ್ನು ನದಿಗಲ್ಲದೆ ಇನ್ನೆಲ್ಲಿಗೆ ಚೆಲ್ಲುತ್ತಿದ್ದಿರಿ? ಸೂರಿನ ಕೆಳಗೆ ನಲ್ಲಿ, ಮೋರಿ, ವಿದ್ಯುತ್ತು ಕೊಟ್ಟ ಮೇಲೆ ಅದೇ ಕೈಗಳು ಅದೇ ಅಡುಗೆಯನ್ನು ಶುಚಿಯಾಗಿಯೇ ಮಾಡಿದವು.

ಖಾಲಿಯಾದ ಗೋದಾಮುಗಳನ್ನು ಕೆಡವಲಿಲ್ಲ, ಅದು ಪುಣ್ಯ. 1989ರಲ್ಲಿ ಅವನ್ನು ಸಂರಕ್ಷಿತ ಕಟ್ಟಡಗಳೆಂದು ಸಾರಿದರು. ಈಗ ಅವುಗಳ ತುಂಬ ರೆಸ್ಟೋರೆಂಟು, ಬಾರು. ದಂಡೆಯಲ್ಲಿ ನಡೆದರೆ ಹತ್ತು ಹೆಜ್ಜೆಗೊಬ್ಬರು ಮೆನು ಹಿಡಿದು ಕರೆಯುತ್ತಾರೆ. ಗಾಜಿನ ತೊಟ್ಟಿಯಲ್ಲಿ ಏಡಿ. ಬೆಲೆ ಕಿಲೋ ಲೆಕ್ಕದಲ್ಲಿ, ಕೇಳದೆ ಕೂತರೆ ಬಿಲ್ಲು ಬಂದಾಗ ಎದೆ ಧಸಕ್ಕೆನ್ನುತ್ತದೆ. ಆ ದುಡ್ಡಿನಲ್ಲಿ ದೊಡ್ಡ ಪಾಲು ನೋಟಕ್ಕೆ ಹೋಗುತ್ತದೆ, ಊಟಕ್ಕಲ್ಲ. ಹಾಗಾಗಿ ನೆಂಟರಿಗೆ ನಾನು ಹೇಳುವುದು: ದಂಡೆಯಲ್ಲಿ ಕೂತು ಏನಾದರೂ ಕುಡಿಯಿರಿ, ಕ್ಯಾವೆನಾ ಸೇತುವೆಯ ತನಕ ನಡೆಯಿರಿ. ಹಸಿವಾದಾಗ ನದಿಗೆ ಬೆನ್ನು ಹಾಕಿ, ತಳ್ಳುಗಾಡಿಯವರು ಹೋದ ದಾರಿಯಲ್ಲಿ ಹೋಗಿ.

ಆ ದಾರಿ ದೂರದ್ದೇನಲ್ಲ. ಬೋಟ್ ಕೀಯಿಂದ ಹತ್ತು ನಿಮಿಷ ನಡೆದರೆ ಹಾಂಗ್ ಲಿಮ್ ಫುಡ್ ಸೆಂಟರ್. ಸರ್ಕಾರಿ ವಸತಿ ಕಟ್ಟಡದ ಬುಡ, ಮೇಲೆ ತಿರುಗುವ ಫ್ಯಾನು, ನೆಲಕ್ಕೆ ಬಿಗಿದ ಸ್ಟೂಲು. ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಆ ಜಾಗ ಯಾರದ್ದೋ ಆಯಿತು ಅಂತ. ಊಟದ ಹೊತ್ತಿಗೆ ಕೋಟು ಹಾಕಿದ ಬ್ಯಾಂಕಿನವರೂ ಬನಿಯನ್ ತೊಟ್ಟ ಅಜ್ಜಂದಿರೂ ಒಂದೇ ಸಾಲಿನಲ್ಲಿ. ಔಟ್‌ರಾಮ್ ಪಾರ್ಕ್ ಹೆಸರಿನ ಕ್ವೇ ತಿಯೋ (ಹುರಿದ ಶಾವಿಗೆ) ಅಂಗಡಿ ಇಲ್ಲಿದೆ. ಅದು ಮೊದಲಿದ್ದ ಔಟ್‌ರಾಮ್ ಪಾರ್ಕಿನ ಕಟ್ಟಡಗಳು ಈಗಿಲ್ಲ, ಬೋರ್ಡಿನಲ್ಲಿ ಹೆಸರು ಉಳಿದಿದೆ. ಅಲ್ಲಿ ನಿಂತು ಬಾಣಲೆ ಆಡಿಸುವ ಆ ಕೈಯನ್ನು ನೋಡಬೇಕು. ಬಾಣಲೆ ಹೊಗೆಯಾಡುವಷ್ಟು ಕಾಯುತ್ತದೆ. ಹಂದಿಕೊಬ್ಬು, ಜಜ್ಜಿದ ಬೆಳ್ಳುಳ್ಳಿ, ಅದರ ಹಿಂದೆಯೇ ಅಗಲವಾದ ಅಕ್ಕಿ ಶಾವಿಗೆ, ಅದರ ಮೇಲೆ ಸಿಹಿಗಪ್ಪು ಸಾಸು. ಶಾವಿಗೆಯನ್ನು ಬದಿಗೆ ಸರಿಸಿ ಖಾಲಿಯಾದ ಕಡೆ ಮೊಟ್ಟೆ ಒಡೆದು, ಅದು ಅರೆಬರೆ ಗಟ್ಟಿಯಾಗುವಷ್ಟರಲ್ಲಿ ಎಲ್ಲವನ್ನೂ ಅದರ ಮೇಲೆ ಮಗುಚುವುದು. ಕೊನೆಗೆ ಚಿಪ್ಪುಮೀನು; ಅದಕ್ಕೆ ಬಿಸಿ ತಾಗಬೇಕು, ಬೇಯಬಾರದು. ಎಲ್ಲಕ್ಕೂ ಕೆಲವೇ ನಿಮಿಷ. ಅಂಚಿನಲ್ಲಿ ಕರಕಲು, ನಡುವೆ ಮೆತ್ತಗೆ, ಬಾಯಿಗಿಟ್ಟರೆ ಹೊಗೆಯ ಘಮ. ಈ ಹದವನ್ನು ಯಾರೂ ಬರೆದಿಟ್ಟು ಕಲಿಸಲಾರರು, ಪಕ್ಕದಲ್ಲಿ ನಿಂತೇ ಕಲಿಯಬೇಕು. ಮಧ್ಯಾಹ್ನ ದಾಟಿತೋ ಒಂದೊಂದೇ ಅಂಗಡಿ ಮುಚ್ಚುತ್ತ ಬರುತ್ತದೆ, ಅದಕ್ಕೇ ಹನ್ನೊಂದರೊಳಗೆ ಹೋಗುವುದು ಜಾಣತನ.

ಊರಿನ ಸಸ್ಯಾಹಾರಿಗಳಿಗೆ ಹಂದಿಕೊಬ್ಬಿನ ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಅವರಿಗೆ ಇಂಥ ಸೆಂಟರುಗಳಲ್ಲಿ ಸಾಮಾನ್ಯವಾಗಿ ಸಿಗುವ ಚೀನೀ ಸಸ್ಯಾಹಾರದ ಬೀಹೂನ್ (ಸಣ್ಣ ಅಕ್ಕಿ ಶಾವಿಗೆ) ಸಾಕಾಗುತ್ತದೆ. ಕೋಪಿ, ಅಂದರೆ ಇಲ್ಲಿಯ ಕಾಫಿಯಂತೂ ಎಲ್ಲರಿಗೂ ಇದೆ. ಬಟ್ಟೆಯ ಉದ್ದ ಚೀಲದಲ್ಲಿ ಸೋಸಿ, ಗಟ್ಟಿ ಸಿಹಿಹಾಲಿನ ಮೇಲೆ ಸುರಿದು ಕೊಡುತ್ತಾರೆ. ಹಾಲು ಬೇಡದವರು ಕೋಪಿ-ಓ ಅನ್ನಬೇಕು. ಫಿಲ್ಟರ್ ಕಾಫಿಯ ನಾಲಿಗೆಗೆ ಮೊದಲ ಗುಟುಕು ಒರಟು ಅನ್ನಿಸುತ್ತದೆ, ಎರಡನೇ ಲೋಟಕ್ಕೆ ಒಗ್ಗುತ್ತದೆ.

ಕ್ಲಾರ್ಕ್ ಕೀ ಮೆಟ್ರೋ ಸ್ಟೇಷನ್ನಿನ ಹತ್ತಿರ, ನ್ಯೂ ಬ್ರಿಡ್ಜ್ ರೋಡಿನಲ್ಲಿ ಸಾಂಗ್ ಫಾ ಇದೆ. 1969ರಲ್ಲಿ ಜೊಹೋರ್ ರೋಡಿನಲ್ಲಿ ತಳ್ಳುಗಾಡಿಯಾಗಿ ಶುರುವಾದದ್ದು. ಹಂದಿಯ ಪಕ್ಕೆಲುಬನ್ನು ಇಡೀ ಬೆಳ್ಳುಳ್ಳಿ, ಬಿಳಿ ಮೆಣಸು ಹಾಕಿ ಕುದಿಸಿದ ಬಾಕ್ ಕುಟ್ ಟೇ; ಸಾರು ಮುಗಿದರೆ ಮತ್ತೆ ತಂದು ಸುರಿಯುತ್ತಾರೆ. ಕೂಲಿಗಳು ಬೆಳಗಿನ ಕೆಲಸಕ್ಕೆ ಮುಂಚೆ ಕುಡಿಯುತ್ತಿದ್ದ ಸಾರು ಎನ್ನುತ್ತಾರೆ. ಮೆಣಸಿನ ಖಾರ ಗಂಟಲಿಗಿಳಿದಾಗ ಆ ಮಾತು ನಂಬಬೇಕೆನ್ನಿಸುತ್ತದೆ. ಇನ್ನು ಮಾರ್ಕೆಟ್ ಸ್ಟ್ರೀಟ್. ಹಿಂದೆ ಚೆಟ್ಟಿಯಾರರು ಸಾಲ ಕೊಡುತ್ತಿದ್ದ ಬೀದಿಯಲ್ಲಿ ಈಗ 280 ಮೀಟರ್ ಎತ್ತರದ ಕ್ಯಾಪಿಟಾಸ್ಪ್ರಿಂಗ್ ಕಟ್ಟಡ ನಿಂತಿದೆ. ಅದರ ಕೆಳಗಿನ ಮಹಡಿಗಳಲ್ಲೇ ಹಾಕರ್ ಸೆಂಟರಿಗೆ ಜಾಗ ಕೊಟ್ಟಿದ್ದಾರೆ. ಇಷ್ಟು ದುಬಾರಿ ನೆಲದಲ್ಲಿ ನಿಮ್ಮ ಬಾಣಲೆಗೂ ಪಾಲಿಟ್ಟಿದ್ದು ಈ ಊರಿನ ಬಗ್ಗೆ ನನಗಿರುವ ಗೌರವಕ್ಕೆ ದೊಡ್ಡ ಕಾರಣ.

2020ರ ಡಿಸೆಂಬರಿನಲ್ಲಿ ನಿಮ್ಮ ಕಸುಬು ಯುನೆಸ್ಕೋ ಪಟ್ಟಿಗೆ ಸೇರಿತು. ಆದರೆ ಒಲೆ ಮುಂದೆ ನಿಂತವರ ಸರಾಸರಿ ವಯಸ್ಸು ಅರವತ್ತರ ಆಸುಪಾಸು. ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ, ಅದಕ್ಕಾಗಿಯೇ ತಾನೇ ನೀವು ಬೆಳಗಿನ ನಾಲ್ಕಕ್ಕೆ ಎದ್ದದ್ದು. ಹಾಗಂತ ಕೈಚೆಲ್ಲಿ ಕೂರುವುದೇ? ನದಿ ದಂಡೆಯಲ್ಲಿ ನೀರಿಗೆ ಹಾರುವ ಮಕ್ಕಳ ಕಂಚಿನ ಪ್ರತಿಮೆ ಇದೆ, ವರ್ತಕರದ್ದಿದೆ, ಕೂಲಿಗಳದ್ದಿದೆ. ನಿಮಗೆ ಪ್ರತಿಮೆ ಬೇಡ. ಬೋಟ್ ಕೀಯಲ್ಲಿ ಹತ್ತು ಅಂಗಡಿ ಬೇಕು: ಕಡಿಮೆ ಬಾಡಿಗೆ, ಒಬ್ಬ ಹಳೆಯ ಕೈ, ಪಕ್ಕದಲ್ಲಿ ಕಲಿಯುವ ಒಬ್ಬ ಹೊಸಬ. ಅಂದು ನಿಮ್ಮನ್ನು ಎಬ್ಬಿಸಲು ಕಾರಣವಾದ ನಲ್ಲಿ, ಚರಂಡಿಯ ಕೊರತೆ ಇವತ್ತು ಆ ದಂಡೆಯಲ್ಲಿಲ್ಲ. ಆ ಅಂಗಡಿಗಳು ಬರುವ ತನಕ ನದಿ ಪಕ್ಕ ಊಟ ಕೇಳಿದವರನ್ನು ನಾನು ಹಾಂಗ್ ಲಿಮ್‌ಗೇ ಕರೆದೊಯ್ಯುತ್ತೇನೆ.

ಇಂತಿ,
ನಿಮ್ಮ ಕೈಯಡುಗೆಯ ಋಣದಲ್ಲಿರುವ ಒಬ್ಬ ಕನ್ನಡಿಗ