ನಿಂತು ಕೇಳಿದ ಲಾ ಬೋಹೆಮ್

ವಿಯೆನ್ನಾದ ಸ್ಟೇಟ್ ಆಪೆರಾದಲ್ಲಿ ಒಳ್ಳೆಯ ಕುರ್ಚಿಯೊಂದರ ಟಿಕೆಟ್ 200 ಯೂರೋ ದಾಟುತ್ತದೆ. ಆ ಕುರ್ಚಿಗಳ ಸಾಲು ಮುಗಿದ ಕೂಡಲೇ, ನಡುವಿನ ದೊಡ್ಡ ಬಾಕ್ಸಿನ ಕೆಳಗೆ, ನಿಂತು ನೋಡುವವರಿಗೆಂದು ಮೆಟ್ಟಿಲು ಮೆಟ್ಟಿಲಾಗಿ ಜಾಗ ಬಿಟ್ಟಿದ್ದಾರೆ. ಅದಕ್ಕೆ 20 ಯೂರೋ ಕೂಡ ಇಲ್ಲ. ವೇದಿಕೆ ನೇರ ಎದುರಿಗೇ ಕಾಣುವ ಇಂಥ ಜಾಗವನ್ನು ಕಡಿಮೆ ದುಡ್ಡಿನವರಿಗೆ ಕೊಟ್ಟ ಊರಿನ ಮೇಲೆ, ಒಳಗೆ ಕಾಲಿಡುವ ಮೊದಲೇ ನನಗೆ ಪ್ರೀತಿ ಹುಟ್ಟಿತು.

ಆಪರ್ನ್‌ಗಾಸೆ ಬೀದಿಯ ಕಡೆಯ ಬಾಗಿಲಲ್ಲಿ ಸಾಲು ನಿಂತಿತ್ತು. ಮುಂದೆ ವಯೊಲಿನ್ ಪೆಟ್ಟಿಗೆ ಹೊತ್ತ ಹುಡುಗರು. ನನ್ನ ಹಿಂದೆ ಬಿಳಿಗೂದಲಿನ ಅಜ್ಜಿ. ಒಳಗೆ ಹೋದದ್ದೇ ಆಕೆ ಎದುರಿನ ಕಂಬಿಗೆ ತನ್ನ ಸ್ಕಾರ್ಫ್ ಕಟ್ಟಿ, ನನಗೂ ಹಾಗೇ ಮಾಡಲು ಸನ್ನೆ ಮಾಡಿದರು. ಕಿಟಕಿಯಿಂದ ಬಸ್ಸಿನ ಸೀಟಿಗೆ ಟವೆಲ್ ಎಸೆಯುವ ನಮ್ಮವರ ಪದ್ಧತಿಯೇ. ವ್ಯತ್ಯಾಸವೆಂದರೆ ಇಲ್ಲಿ ಅದರ ಮೇಲೆ ಜಗಳವಿಲ್ಲ. ಕಟ್ಟಿದ ಜಾಗವನ್ನು ಯಾರೂ ಮುಟ್ಟುವುದಿಲ್ಲ. ಆಟ ಶುರುವಾಗುವ ತನಕ ಕಟ್ಟಡ ಸುತ್ತಿ ಬರಬಹುದು.

ಸುತ್ತಿದೆ. ಅಮೃತಶಿಲೆಯ ಮಹಾ ಮೆಟ್ಟಿಲಸಾಲು 1869ರದ್ದು. ಕಟ್ಟುತ್ತಿರುವಾಗಲೇ ಎದುರಿನ ರಸ್ತೆ ಎತ್ತರವಾಗಿ, ಕಟ್ಟಡ ಹುಗಿದಂತೆ ಕಾಣುತ್ತದೆಂದು ಊರು ಆಡಿಕೊಂಡಿತ್ತು. ವಾಸ್ತುಶಿಲ್ಪಿ ವಾನ್ ಡೆರ್ ನ್ಯುಲ್ 1868ರಲ್ಲಿ ಪ್ರಾಣ ಕಳೆದುಕೊಂಡ. ಜೊತೆಗಾರ ಸಿಕಾರ್ಡ್ಸ್‌ಬುರ್ಗ್ ಕೆಲವೇ ವಾರಗಳಲ್ಲಿ ತೀರಿಹೋದ. ಮೊದಲ ಪ್ರದರ್ಶನವನ್ನು ಇಬ್ಬರೂ ಕಾಣಲಿಲ್ಲ. 1945ರ ಮಾರ್ಚ್ 12ರ ಬಾಂಬಿಗೆ ರಂಗವೂ ಸಭಾಂಗಣವೂ ಸುಟ್ಟುಹೋದವು, ಈ ಮೆಟ್ಟಿಲು ಉಳಿಯಿತು. ಮತ್ತೆ ಬಾಗಿಲು ತೆರೆದದ್ದು 1955ರ ನವೆಂಬರ್ 5ರಂದು, ಬೇಥೋವನ್ನನ 'ಫಿಡೇಲಿಯೊ'ದೊಂದಿಗೆ. ಹೊಸದಾಗಿ ಕಟ್ಟುವಾಗಲೂ ನಿಲ್ಲುವವರ ಜಾಗವನ್ನು ಕುರ್ಚಿಗಳು ನುಂಗಲಿಲ್ಲ. ಅಂದಿನವರಿಗೆ ನನ್ನ ನಮಸ್ಕಾರ.

ನಾನು ಹೋದ ದಿನ ಪುಚ್ಚೀನಿಯ 'ಲಾ ಬೋಹೆಮ್'. ನಿರ್ದೇಶಕ ಜೆಫಿರೆಲ್ಲಿಯ 1963ರ ರಂಗಸಜ್ಜಿಕೆಯನ್ನೇ ಇಲ್ಲಿ ಇಂದಿಗೂ ಬಳಸುತ್ತಾರೆ. ಪ್ಯಾರಿಸ್ಸಿನ ಅಟ್ಟದ ಮೇಲೆ ಬೆಂಕಿಗೆ ಕಟ್ಟಿಗೆಯಿಲ್ಲದ ಗೆಳೆಯರು. ಮೇಣದಬತ್ತಿ ಹಚ್ಚಿಸಿಕೊಳ್ಳಲು ಬರುವ ಕಸೂತಿಯ ಹುಡುಗಿ ಮಿಮಿ. ಕತ್ತಲಲ್ಲಿ ಬೀಗದಕೈ ಹುಡುಕುವ ನೆಪದಲ್ಲಿ ಕವಿ ರೊಡಾಲ್ಫೊ ಅವಳ ತಣ್ಣನೆಯ ಕೈ ಹಿಡಿಯುತ್ತಾನೆ. ಇಷ್ಟು ತಿಳಿದರೆ ಸಾಕು. ಎದುರಿನ ಪುಟ್ಟ ಪರದೆಯಲ್ಲಿ ಮಾತಿನ ಅನುವಾದ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದನ್ನು ನೋಡುವುದು ಬಿಟ್ಟೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ದನಿ. ಹಾಡುವವರಿಗೆ ಮೈಕಿಲ್ಲ. ಎದುರಿನ ತಗ್ಗಿನಲ್ಲಿ ಇಡೀ ಆರ್ಕೆಸ್ಟ್ರಾ. ವಿಯೆನ್ನಾ ಫಿಲ್ಹಾರ್ಮೊನಿಕ್ ತನ್ನ ಸದಸ್ಯರನ್ನು ಆರಿಸಿಕೊಳ್ಳುವುದು ಇದರಿಂದಲೇ. ಅಷ್ಟು ವಾದ್ಯಗಳನ್ನು ದಾಟಿ ಒಂಟಿ ಗಂಟಲು ನನ್ನವರೆಗೆ ಬಂತು. ವಾದ್ಯಗಳ ಬಲವೆಲ್ಲ 500 ಹರ್ಟ್ಸ್ ಆಸುಪಾಸಿನಲ್ಲಿ. 3000ದ ಹತ್ತಿರ ಅವು ತೆಳುವಾಗುತ್ತವೆ. ಪಳಗಿದ ಗಾಯಕ ಗಂಟಲನ್ನು ಹದಮಾಡಿ ತನ್ನ ದನಿಯ ಕಸುವನ್ನು ಆ ತೆರಪಿಗೇ ತಂದು ನಿಲ್ಲಿಸುತ್ತಾನೆ. ಇದನ್ನು ಮೊದಲೇ ಓದಿದ್ದೆ. ಆದರೂ ರೊಡಾಲ್ಫೊ ಮೇಲಿನ ಸ್ವರಕ್ಕೆ ಏರಿದಾಗ ಕಂಬಿ ಹಿಡಿದ ನನ್ನ ಕೈ ಬಿಗಿಯಾಯಿತು.

ಮೂರನೆಯ ಅಂಕದಲ್ಲಿ ಹಿಮ. ಕೊಳಲೂ ಹಾರ್ಪೂ ಸೇರಿ ಒಂದೊಂದೇ ಸ್ವರ ಇಳಿಸುತ್ತಿದ್ದರೆ ಚಳಿ ಕಿವಿಯಿಂದಲೇ ಮೈಗೆ ಹತ್ತುತ್ತದೆ. ಮಿಮಿಯ ಕ್ಷಯ ಈಗ ಎಲ್ಲರಿಗೂ ಗೊತ್ತು. ಕೊನೆಯಲ್ಲಿ ಅವಳು ಮಲಗಿದಲ್ಲೇ ಸದ್ದಿಲ್ಲದೆ ಹೋಗುತ್ತಾಳೆ, ಹಾಡಿ ಸಾಯುವುದಿಲ್ಲ. ಆರ್ಕೆಸ್ಟ್ರಾ ಮೆಲ್ಲಗೆ ಬಣ್ಣ ಬದಲಿಸುತ್ತದೆ, ನಮಗೆ ತಿಳಿಯುತ್ತದೆ, ಆಮೇಲೆ ಗೆಳೆಯರಿಗೆ. ಅವಳನ್ನು ಪ್ರೀತಿಸಿದವನಿಗೆ ಎಲ್ಲರಿಗಿಂತ ಕೊನೆಗೆ. ಆ ಕೆಲವು ಕ್ಷಣ ಸಾವಿನ ಸುದ್ದಿಯನ್ನು ಅವನಿಂದ ಮುಚ್ಚಿಟ್ಟವರಲ್ಲಿ ನಾವೂ ಸೇರಿರುತ್ತೇವೆ. 1896ರಲ್ಲಿ ಟ್ಯುರಿನ್ನಿನಲ್ಲಿ ಮೊದಲು ಕೇಳಿದವರಿಗೂ ಹೀಗೇ ಎದೆ ಕುಸಿದಿರಬೇಕು.

ತೆರೆ ಬಿದ್ದಾಗ ದೊಡ್ಡ ಕೂಗು ಎದ್ದದ್ದು ನಾವು ನಿಂತವರ ಕಡೆಯಿಂದಲೇ. ಕಣ್ಣೊರೆಸಿಕೊಂಡ ಅಜ್ಜಿ ಬಿಡಿಬಿಡಿ ಇಂಗ್ಲಿಷಿನಲ್ಲಿ ಕೇಳಿದರು:

"ನಾಳೆ ಬರುತ್ತೀರಾ? ನಾಳೆ ವಾಗ್ನರ್. ಬಹಳ ಉದ್ದ. ಮೆತ್ತನೆಯ ಬೂಟು ಹಾಕಿಕೊಂಡು ಬನ್ನಿ."

ಇಲ್ಲಿ ದಿನಕ್ಕೊಂದು ಆಪೆರಾ ಬದಲಾಗುತ್ತದೆ. ಸಾಲ್ಜ್‌ಬರ್ಗಿಗೆ ಹೋಗುವ ರೈಲನ್ನು ಒಂದು ದಿನ ಮುಂದಕ್ಕೆ ಹಾಕಿದೆ.