ಅಂಕಪಟ್ಟಿಗೆ ಸಿಗದ ಉತ್ತರ

ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಗಣಿತ ಕಲಿಸಿ, ಸಾವಿರಾರು ಮಕ್ಕಳಿಗೆ ಅಂಕ ಹಾಕಿದವನು ನಾನು. ಅಂಕ ಹಾಕುವುದು ಎಷ್ಟು ಕಷ್ಟವೆಂಬುದನ್ನು ನಿವೃತ್ತನಾದ ಮೇಲೆ ಒಬ್ಬ ಹಳೆಯ ಶಿಷ್ಯನ ಮನೆಯಲ್ಲಿ ಕಲಿತೆ.

ಪಾಂಡವಪುರದ ಬಳಿ ಗೊಬ್ಬರದ ಅಂಗಡಿ ಇಟ್ಟಿದ್ದ ಆತ, ಕೆ.ಆರ್.ಪೇಟೆಯಿಂದ ರಾತ್ರಿ ಹಿಂದಿರುಗುವಾಗ ಬೈಕಿನಿಂದ ಬಿದ್ದ. ಹೆಲ್ಮೆಟ್ ಇರಲಿಲ್ಲ, ಮೆದುಳಿಗೆ ಪೆಟ್ಟಾಯಿತು. ಚಿಕಿತ್ಸೆಯಾಗಿ ಮನೆಗೆ ಬಂದ ಕೆಲವು ತಿಂಗಳ ನಂತರ ನೋಡಲು ಹೋದೆ. ಎದ್ದು ಬಂದು ಕಾಲಿಗೆ ನಮಸ್ಕರಿಸಿದ. ಹದಿನೇಳರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದ.

“ಗುಣವಾಗಿದ್ದಾನಲ್ಲಮ್ಮ, ಇನ್ನೇನು ಚಿಂತೆ?” ಎಂದೆ ಅವನ ಹೆಂಡತಿಗೆ.

ಆಕೆ ಮಾತನಾಡದೆ ಒಂದು ನೋಟ್‌ಬುಕ್ ತಂದಿಟ್ಟಳು. ಹಾಲು ಉಕ್ಕಿದರೂ ನೋಡುತ್ತಾ ನಿಂತದ್ದು, ಒಬ್ಬನೇ ರೈತನಿಗೆ ಎರಡು ಸಲ ಚಿಲ್ಲರೆ ಕೊಟ್ಟದ್ದು, ಮಗಳನ್ನು ಕರೆತರಲು ಶಾಲೆಗೆ ಹೋಗಿ ಒಬ್ಬನೇ ಮರಳಿದ್ದು, ಎಲ್ಲವೂ ತಾರೀಖಿನ ಸಮೇತ ಅದರಲ್ಲಿತ್ತು.

“ನೋಡಿದವರೆಲ್ಲ ಚೆನ್ನಾಗಿದ್ದಾರೆ ಅಂತಾರೆ ಮೇಷ್ಟ್ರೇ. ನಾನೇ ಸುಳ್ಳು ಹೇಳ್ತಿದ್ದೀನೇನೋ ಅನ್ನೋ ಹಾಗಾಗಿದೆ.”

ನಾನೂ ಹಾಗೆ ಹೇಳಿದವರಲ್ಲಿ ಒಬ್ಬನಾಗಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕವು ಊಟ, ಸ್ನಾನ, ಉಡುಪು, ಮೆಟ್ಟಿಲು ಮುಂತಾದ 10 ವಿಷಯಗಳಿಗೆ ಒಟ್ಟು 100 ಅಂಕ ಕೊಡುತ್ತದೆ. ನನ್ನ ಶಿಷ್ಯನಿಗೆ ಅದರಲ್ಲಿ ನೂರಕ್ಕೆ ನೂರು ಬರುತ್ತಿತ್ತೇನೋ. ನೆನಪಿಗೂ ವಿವೇಚನೆಗೂ ಅಲ್ಲಿ ಅಂಕವೇ ಇಲ್ಲ. ತಲೆಪೆಟ್ಟಿನ ಪರಿಣಾಮವನ್ನು ಅಳೆಯಲೆಂದೇ 1975ರಲ್ಲಿ ಗ್ಲಾಸ್ಗೋ ಮಾಪನ ಬಂತು. ಅದರ 5 ಹಂತಗಳು ಮುಂದೆ 8 ಆದವು. ಒಬ್ಬನೇ ಮನೆಯಲ್ಲಿರಬಲ್ಲನೇ, ಅಂಗಡಿಗೆ ಹೋಗಿ ಬರಬಲ್ಲನೇ, ಮೊದಲಿನಂತೆ ದುಡಿಯಬಲ್ಲನೇ ಎಂದು ಅದು ವಿಚಾರಿಸುತ್ತದೆ. ಹತ್ತಿರದವರನ್ನೂ ಕೇಳಬೇಕಾಗುತ್ತದೆ, ಏಕೆಂದರೆ ಪೆಟ್ಟು ತಿಂದ ಮೆದುಳಿಗೆ ತನ್ನ ಕೊರತೆ ತನಗೇ ಕಾಣದಿರಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮೆದುಳಿನ ಪೆಟ್ಟಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಪೆಟ್ಟಿನಿಂದ ಉಳಿದ ತೊಂದರೆಯನ್ನೇ ತೋರಿಸಬೇಕು. ಅನೇಕ ಸೌಲಭ್ಯಗಳಿಗೆ ಅದು ಶೇ. 40 ಆದರೂ ಇರಬೇಕು. ಕಣ್ಣಿಗೆ ಕಾಣದ ತೊಂದರೆಯನ್ನು ತೋರಿಸುವುದು ಹೇಗೆ?

ಮುಂದಿನ ಸಲ ಬೆಂಗಳೂರಿಗೆ ನಾನೂ ಜೊತೆಯಲ್ಲಿ ಹೋದೆ. ವೈದ್ಯರು ಆ ನೋಟ್‌ಬುಕ್ಕನ್ನು ಪುಟ ಪುಟವಾಗಿ ಓದಿ, “ಇದನ್ನು ನಿಲ್ಲಿಸಬೇಡಿಮ್ಮ” ಎಂದರು. ಆಕೆ ಅಂದು ಮೊದಲ ಬಾರಿಗೆ ನಮ್ಮೆದುರು ಅತ್ತಳು.

ಈಗ ಆ ಮನೆಗೆ ಹೋದಾಗ ಮಗ್ಗಿ ಕೇಳುವುದಿಲ್ಲ. “ನೀನು ಹೇಗಿದ್ದೀಯಮ್ಮ?” ಎಂದು ಮೊದಲು ಆಕೆಯನ್ನು ಕೇಳುತ್ತೇನೆ.